ಘಟ್ಟದ ಮಳೆ, ತಪ್ಪಲಿನ ನೆರೆ: ಮುನ್ಸೂಚನೆಯನ್ನು ಓದುವುದು ಹೇಗೆ?

ಆಟಿ ತಿಂಗಳಲ್ಲಿ ನಮ್ಮ ಕಡೆ ಹೀಗಾಗುವುದು ಹೊಸದೇನಲ್ಲ. ರಾತ್ರಿಯಿಡೀ ಮಳೆ ಸುರಿದಿರುತ್ತದೆ. ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ ಶಾಲೆಗಳಿಗೆ ರಜೆ ಎಂಬ ಆದೇಶ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಅಷ್ಟರಲ್ಲಿ ಮದ್ರಸದ ಮಕ್ಕಳು ಮನೆ ಬಿಟ್ಟು ಅರ್ಧ ಗಂಟೆ ಕಳೆದಿರುತ್ತದೆ. ಕೊಡೆ ಹಿಡಿದು, ಕಿತಾಬುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ತೋಡಿಗೆ ಹಾಕಿದ ಕಾಲುಸಂಕವನ್ನು ಅವರು ದಾಟಿಯೂ ಆಗಿರುತ್ತದೆ. ಮನೆಯಲ್ಲಿ ಉಮ್ಮ ಮೊಬೈಲ್ ನೋಡಿ, ಬಾಗಿಲಿಗೆ ಬಂದು, ಮಳೆಯನ್ನು ನೋಡುತ್ತಾ ನಿಲ್ಲುತ್ತಾರೆ.

ಹಿಂದಿನ ದಿನ ಸಂಜೆಯ ವಾರ್ತೆಯಲ್ಲಿ "ಜಿಲ್ಲೆಯಲ್ಲಿ ಆರೆಂಜ್ ಅಲರ್ಟ್" ಎಂದಿದ್ದರು. ಅದನ್ನು ಮನೆಮಂದಿಯೆಲ್ಲ ಕೇಳಿದ್ದಾರೆ. ಆದರೆ ಆ ಮಾತಿಗೂ ಈ ಕಾಲುಸಂಕಕ್ಕೂ ಏನು ಸಂಬಂಧ ಎಂಬುದು ಯಾರಿಗೂ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಅಲರ್ಟ್ ಎಂದರೆ ಮಕ್ಕಳಿಗೆ ರಜೆಯ ಸೂಚನೆ, ದೊಡ್ಡವರಿಗೆ ತಮಾಷೆಯ ವಿಷಯ. "ರೆಡ್ ಅಲರ್ಟ್ ಹಾಕಿದ ದಿನ ಬಿಸಿಲು, ಹಾಕದ ದಿನ ನೆರೆ" ಎಂದು ಹೋಟೆಲಿನಲ್ಲಿ ಕುಳಿತು ನಗುತ್ತೇವೆ. ನಗುವುದಕ್ಕೆ ಕಾರಣ ಇಲ್ಲವೆಂದಲ್ಲ. ಆದರೆ ಬೆಳ್ತಂಗಡಿ, ಕಡಬ, ಸುಳ್ಯ, ಸಂಪಾಜೆಯಂತಹ ಘಟ್ಟದ ಬುಡದ ಊರುಗಳಲ್ಲಿ ಇರುವವರು ಆ ಮುನ್ಸೂಚನೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಒಮ್ಮೆಯಾದರೂ ಸರಿಯಾಗಿ ತಿಳಿದುಕೊಳ್ಳಬೇಕು.

ಬಣ್ಣದ ಹಿಂದಿರುವ ಲೆಕ್ಕ

ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಒಂದು ಎಕರೆ ತೋಟದ ಮೇಲೆ ಅದೇ ಒಂದು ಮಿ.ಮೀ. ಸುಮಾರು 4 ಸಾವಿರ ಲೀಟರ್ ಆಗುತ್ತದೆ. 100 ಮಿ.ಮೀ. ಬಿದ್ದರೆ ಎಕರೆಗೆ 4 ಲಕ್ಷ ಲೀಟರ್.

ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಅದು ಭಾರಿ ಮಳೆ. 115.6ರಿಂದ 204.4ರವರೆಗೆ ಅತಿ ಭಾರಿ ಮಳೆ. ಅದಕ್ಕೂ ಮೇಲಿನದ್ದು ಅತ್ಯಂತ ಭಾರಿ ಮಳೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಹೆಚ್ಚುಕಡಿಮೆ ಈ ಮೂರು ಮೆಟ್ಟಿಲುಗಳಿಗೆ ಹೊಂದುತ್ತವೆ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎಂದು ಅರ್ಥ.

ನಾವು ಬಣ್ಣವನ್ನಷ್ಟೇ ನೋಡುತ್ತೇವೆ. ಅದರ ಪಕ್ಕದಲ್ಲಿ ಬರೆದಿರುವ ಸಣ್ಣ ಮಾತನ್ನು ಓದುವುದಿಲ್ಲ. "ಒಂದೆರಡು ಕಡೆ", "ಕೆಲವೆಡೆ", "ಹಲವೆಡೆ", "ಬಹುತೇಕ ಕಡೆ" ಎಂಬ ಮಾತುಗಳು ಅಲ್ಲಿರುತ್ತವೆ. ಇವು ವರದಿಗಾರರು ಬಾಯಿಗೆ ಬಂದಂತೆ ಬರೆದವಲ್ಲ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25 ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆಯಾಗುವುದಾದರೆ "ಒಂದೆರಡು ಕಡೆ"; 26ರಿಂದ 50 ಆದರೆ "ಕೆಲವೆಡೆ"; 51ರಿಂದ 75 "ಹಲವೆಡೆ"; ಅದಕ್ಕಿಂತ ಹೆಚ್ಚಾದರೆ "ಬಹುತೇಕ ಕಡೆ". "ದಕ್ಷಿಣ ಕನ್ನಡದ ಒಂದೆರಡು ಕಡೆ ಅತಿ ಭಾರಿ ಮಳೆ" ಎಂದು ಹೇಳಿದ ದಿನ ಉಳ್ಳಾಲದ ಕಡಲ ಬದಿಯಲ್ಲಿ ಬಿಸಿಲಿದ್ದು, ಸುಬ್ರಹ್ಮಣ್ಯದ ಬೆಟ್ಟದ ಮೇಲೆ 180 ಮಿ.ಮೀ. ಬಿದ್ದರೆ ಮುನ್ಸೂಚನೆ ಸರಿಯಾಗಿಯೇ ಇದೆ. ಉಳ್ಳಾಲದವರು ನಗುತ್ತಾರೆ, ಅಷ್ಟೇ. ಘಟ್ಟದ ಬುಡದಲ್ಲಿರುವವರು ಆ "ಒಂದೆರಡು ಕಡೆ"ಯನ್ನು ತಮ್ಮ ತಲೆಯ ಮೇಲಿನ ಬೆಟ್ಟ ಎಂದೇ ಓದಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ ದಿನದ ಲೆಕ್ಕ. ಇಲಾಖೆಯ ಮಳೆಯ ದಿನ ರಾತ್ರಿ ಹನ್ನೆರಡಕ್ಕೆ ಶುರುವಾಗುವುದಿಲ್ಲ. ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ ಒಂದು ದಿನ. ಪತ್ರಿಕೆಯಲ್ಲಿ "ನಿನ್ನೆ 110 ಮಿ.ಮೀ." ಎಂದು ಓದಿದರೆ ಅದರಲ್ಲಿ ಇಂದು ಮುಂಜಾನೆಯ ಮಳೆಯೂ ಸೇರಿರಬಹುದು. ಇದರಲ್ಲಿ ಒಂದು ಮೋಸವೂ ಇದೆ. ಮಧ್ಯರಾತ್ರಿ ಶುರುವಾದ ಮಳೆ ಮಧ್ಯಾಹ್ನದವರೆಗೆ ಎಡೆಬಿಡದೆ ಸುರಿಯಿತು ಎಂದಿಟ್ಟುಕೊಳ್ಳಿ. ಹನ್ನೆರಡು ಗಂಟೆಯಲ್ಲಿ ಬಿದ್ದ 200 ಮಿ.ಮೀ. ಪುಸ್ತಕದಲ್ಲಿ ಎರಡು ದಿನಗಳಿಗೆ ಹಂಚಿಹೋಗಿ, 120 ಮತ್ತು 80 ಎಂದು ಸಾಧಾರಣವಾಗಿ ಕಾಣುತ್ತದೆ. ತೋಡಿನಲ್ಲಿ ಬಂದ ನೀರು ಮಾತ್ರ ಹಂಚಿಹೋಗಿರುವುದಿಲ್ಲ.

ಎಷ್ಟು ಮಳೆ ಎನ್ನುವುದಕ್ಕಿಂತ ಎಷ್ಟು ಹೊತ್ತಿನಲ್ಲಿ

ಹಠಾತ್ ನೆರೆ ಎಂದರೆ ಮಳೆ ಬಿದ್ದ ಆರು ಗಂಟೆಗಳೊಳಗೆ ಏರಿ ಬರುವ ನೆರೆ. ಗುಡ್ಡದ ಬದಿಯಲ್ಲಿ ಆರು ಗಂಟೆಯೂ ಬೇಕಿಲ್ಲ. ಒಂದು ಗಂಟೆ ಸಾಕು.

ನಮ್ಮ ಒಂದು ಸಾಧಾರಣ ತೋಡಿಗೆ ಹತ್ತು ಚದರ ಕಿ.ಮೀ. ಗುಡ್ಡಕಾಡಿನ ನೀರು ಬಂದು ಸೇರುತ್ತದೆ ಎಂದು ಭಾವಿಸೋಣ. ಆ ಗುಡ್ಡದ ಮೇಲೆ 100 ಮಿ.ಮೀ. ಮಳೆಯಾದರೆ ಬಿದ್ದ ನೀರು ಒಟ್ಟು 100 ಕೋಟಿ ಲೀಟರ್. ಮಣ್ಣು ಆಗಲೇ ತೊಯ್ದು ಹೋಗಿ ಎಲ್ಲವೂ ಹರಿದು ಬರುವ ಸ್ಥಿತಿ ಇದ್ದರೆ, ಆ ಮಳೆ 24 ಗಂಟೆ ಒಂದೇ ಸಮನೆ ಬಿದ್ದಾಗ ತೋಡಿನಲ್ಲಿ ಸೆಕೆಂಡಿಗೆ ಹನ್ನೊಂದೂವರೆ ಸಾವಿರ ಲೀಟರ್ ಹರಿಯುತ್ತದೆ. ಸೆಕೆಂಡಿಗೆ ಒಂದು ದೊಡ್ಡ ಟ್ಯಾಂಕರ್ ನೀರು. ತೋಡು ತುಂಬಿ ಹರಿಯುತ್ತದೆ, ಜನ ಕಾಲುಸಂಕದ ಮೇಲೆ ನಿಂತು ನೋಡುತ್ತಾರೆ. ಅದೇ 100 ಮಿ.ಮೀ. ಮೂರೇ ಗಂಟೆಯಲ್ಲಿ ಬಿದ್ದರೆ ಸೆಕೆಂಡಿಗೆ 92 ಸಾವಿರ ಲೀಟರ್, ಅಂದರೆ ಎಂಟು ಟ್ಯಾಂಕರ್. ಆಗ ಕಾಲುಸಂಕ ಇರುವುದಿಲ್ಲ.

ದಿನದ ಮಳೆಯ ಅಂಕಿ ಎರಡೂ ಸಲ ಒಂದೇ: 100 ಮಿ.ಮೀ. ಬಣ್ಣವೂ ಒಂದೇ: ಹಳದಿ.

ಎರಡನೆಯದಾಗಿ ಮಣ್ಣು. ಜೂನ್ ಮೊದಲ ವಾರದಲ್ಲಿ ಒಣಗಿ ಬಿರುಕು ಬಿಟ್ಟ ಗುಡ್ಡ 100 ಮಿ.ಮೀ. ಮಳೆಯ ಬಹುಪಾಲನ್ನು ಕುಡಿದುಬಿಡುತ್ತದೆ. ಆಗಸ್ಟಿನಲ್ಲಿ ಎರಡು ತಿಂಗಳ ಮಳೆ ಕುಡಿದ ಗುಡ್ಡಕ್ಕೆ ಇನ್ನು ಹೊಟ್ಟೆಯಲ್ಲಿ ಜಾಗವಿಲ್ಲ. ಬಿದ್ದದ್ದೆಲ್ಲ ಜಾರಿ ತೋಡಿಗೆ ಬರುತ್ತದೆ. ನಮ್ಮ ಕಡೆಯ ದೊಡ್ಡ ದುರಂತಗಳು ಆಗಸ್ಟಿನ ಸುತ್ತ ಸೇರಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ಕೊಡಗಿನ ಜೋಡುಪಾಲ, ಮದೆನಾಡು, ಮಕ್ಕಂದೂರುಗಳಲ್ಲಿ ಗುಡ್ಡ ಇಳಿದದ್ದು 2018ರ ಆಗಸ್ಟ್ ಮಧ್ಯದಲ್ಲಿ. ಚಾರ್ಮಾಡಿ ಕೆಳಗಿನ ಹಳ್ಳಗಳಲ್ಲಿ ಬಂಡೆ, ಮರದ ದಿಮ್ಮಿಗಳ ಸಮೇತ ನೀರು ನುಗ್ಗಿ ಬೆಳ್ತಂಗಡಿಯ ತೋಟಗಳ ಮೇಲೆ ಮರಳು ಹಾಸಿ ಹೋದದ್ದು 2019ರ ಆಗಸ್ಟ್ 9ರ ಹೊತ್ತಿಗೆ; ಅದು ಬಕ್ರೀದ್‌ಗೆ ಮೂರು ದಿನ ಮೊದಲಿನ ಶುಕ್ರವಾರ. 2022ರ ಆಗಸ್ಟ್ 1 ಮತ್ತು 2ರಂದು ಸಂಪಾಜೆ, ಕಲ್ಲುಗುಂಡಿ, ಸುಬ್ರಹ್ಮಣ್ಯಗಳಲ್ಲಿ ನೀರು ಪೇಟೆಗೆ ಬಂತು. ಅದೇ ರಾತ್ರಿ ಉತ್ತರದಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ 24 ಗಂಟೆಗಳಲ್ಲಿ 500 ಮಿ.ಮೀ.ಗೂ ಹೆಚ್ಚು ಮಳೆ ಸುರಿದು, ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಭಟ್ಕಳ ಪೇಟೆಯ ಅಂಗಡಿಗಳಲ್ಲಿ ಎಷ್ಟು ನೀರು ನಿಂತಿತ್ತೆಂದು ಅಲ್ಲಿನ ನಂಟರಿಂದ ಕೇಳದವರು ನಮ್ಮಲ್ಲಿ ಕಡಿಮೆ.

ಬೆಟ್ಟ ಮಳೆಯನ್ನು ಹಿಂಡುವ ಬಗೆ

ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ನೀರಿನ ಆವಿಯನ್ನು ಹೊತ್ತು ತರುತ್ತದೆ. ಕಡಲ ಬದಿಯಿಂದ ಐವತ್ತು, ಅರುವತ್ತು ಕಿ.ಮೀ. ಒಳಗೆ ಬರುತ್ತಲೇ ಅದಕ್ಕೆ ಘಟ್ಟದ ಗೋಡೆ ಎದುರಾಗುತ್ತದೆ. ಕುಮಾರ ಪರ್ವತದ ಎತ್ತರ 1,712 ಮೀಟರ್. ಅದರ ಬುಡದಲ್ಲೇ ಸುಬ್ರಹ್ಮಣ್ಯ ಪೇಟೆ. ಮುಂದೆ ಹೋಗಲು ದಾರಿಯಿಲ್ಲದ ಗಾಳಿ ಮೇಲೇರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ತಣ್ಣಗಾದಂತೆ ಹೊತ್ತ ನೀರನ್ನು ಇಳಿಸುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ. ಗಾಳಿ ಎಷ್ಟು ಜೋರಾಗಿ, ಎಷ್ಟು ಹೊತ್ತು ಒಂದೇ ದಿಕ್ಕಿನಿಂದ ತಳ್ಳುತ್ತದೋ ಅಷ್ಟು ಹೊತ್ತು ಅದೇ ಕಣಿವೆಯ ಮೇಲೆ ಮಳೆ ಬೀಳುತ್ತಲೇ ಇರುತ್ತದೆ.

ಇದರಿಂದ ಎರಡು ಪರಿಣಾಮಗಳಿವೆ. ಒಂದು, ಕೆಳಗೆ ಊರಲ್ಲಿ ಹನಿ ಮಳೆ ಇದ್ದಾಗಲೂ ಮೇಲೆ ಬೆಟ್ಟದಲ್ಲಿ ಧೋ ಎಂದು ಸುರಿಯುತ್ತಿರಬಹುದು. ರಜೆಯಲ್ಲಿ ಹೊಳೆಗೆ ಸ್ನಾನಕ್ಕೆ ಇಳಿದ ಹುಡುಗರು ಕೊಚ್ಚಿ ಹೋಗುವುದು ಹೆಚ್ಚಾಗಿ ಇಂತಹ ದಿನಗಳಲ್ಲಿ. ತಲೆಯ ಮೇಲೆ ಮೋಡವೂ ಇರುವುದಿಲ್ಲ. ಎರಡನೆಯದು, ಈ ಮಳೆಯನ್ನು ದೂರದಿಂದ ನೋಡಿ ಅಳೆಯುವುದು ಕಷ್ಟ. ಬೇಸಿಗೆಯ ಗುಡುಗು ಮಳೆಯ ಮೋಡ ಆಕಾಶದೆತ್ತರಕ್ಕೆ ಬೆಳೆಯುತ್ತದೆ, ಅದರ ತುದಿ ಹಿಮದಂತೆ ತಣ್ಣಗಿರುತ್ತದೆ, ಉಪಗ್ರಹ ಅದನ್ನು ಸುಲಭವಾಗಿ ಗುರುತಿಸುತ್ತದೆ. ಘಟ್ಟದ ಮುಂಗಾರು ಮೋಡ ಅಷ್ಟು ಎತ್ತರ ಬೆಳೆಯದೆಯೇ ಭಾರಿ ಮಳೆ ಸುರಿಸಬಲ್ಲದು. ಮೇಲಿನಿಂದ ನೋಡುವ ಉಪಗ್ರಹಕ್ಕೆ ಅದು ಸಾಧಾರಣ ಮೋಡ.

ರೇಡಾರಿನ ತೊಡಕು ಬೇರೆ. ಕರಾವಳಿ ಕರ್ನಾಟಕಕ್ಕೆ ಬಹುಕಾಲ ಗೋವಾ ಮತ್ತು ಕೊಚ್ಚಿಯ ರೇಡಾರ್‌ಗಳೇ ಆಧಾರವಾಗಿದ್ದವು. ಮಂಗಳೂರಿಗೆ ಎರಡೂ 300 ಕಿ.ಮೀ.ಗಿಂತ ದೂರ. ಭೂಮಿ ಗುಂಡಗಿರುವುದರಿಂದ ಅಷ್ಟು ದೂರಕ್ಕೆ ಬರುವಾಗ ರೇಡಾರಿನ ಕಿರಣ ನೆಲದಿಂದ ಐದು ಕಿ.ಮೀ.ಗಿಂತ ಮೇಲೆ ಹೋಗಿರುತ್ತದೆ. ಕೆಳಗೆ ನಡೆಯುವ ಮಳೆ ಅದಕ್ಕೆ ಕಾಣುವುದಿಲ್ಲ. ರೇಡಾರ್ ಹತ್ತಿರವಿದ್ದರೂ ನಡುವೆ ಬೆಟ್ಟ ಅಡ್ಡ ನಿಂತರೆ ಅದರ ಹಿಂದಿನ ಕಣಿವೆ ಕತ್ತಲೆಯೇ.

ಕಂಪ್ಯೂಟರಿನ ಚೌಕ

ನಾಳಿನ ಮಳೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಇಡೀ ಭೂಮಿಯನ್ನು ಚೌಕ ಚೌಕವಾಗಿ ವಿಂಗಡಿಸುತ್ತದೆ. ಒಂದು ಚೌಕಕ್ಕೆ ಒಂದೇ ಎತ್ತರ, ಒಂದೇ ಮಳೆ. ನಮ್ಮ ಇಲಾಖೆಯ ಮುಖ್ಯ ಮಾದರಿಯಲ್ಲಿ ಆ ಚೌಕ 12 ಕಿ.ಮೀ. ಅಗಲದ್ದಾಗಿತ್ತು. 2025ರ ಮೇ 26ರಂದು ಭೂವಿಜ್ಞಾನ ಸಚಿವಾಲಯ ಬಿಡುಗಡೆ ಮಾಡಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಅದು 6 ಕಿ.ಮೀ.ಗೆ ಇಳಿದಿದೆ. ಇದನ್ನು ರೂಪಿಸಿದ್ದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ. ಇದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೂ ಆರು ಕಿ.ಮೀ. ಚೌಕದೊಳಗೆ ಒಂದು ಬೆಟ್ಟ, ಎರಡು ತೋಡು, ಮೂರು ಮಸೀದಿ, ಒಂದು ದೇವಸ್ಥಾನ, ಇನ್ನೂರು ಮನೆಗಳು ಕುಳಿತುಕೊಳ್ಳುತ್ತವೆ. ಕಡಿದಾದ ಬೆಟ್ಟ ಅಲ್ಲಿ ಮೃದುವಾದ ದಿಣ್ಣೆಯಾಗಿ ಕಾಣುತ್ತದೆ.

ಆದ್ದರಿಂದಲೇ ಮುನ್ಸೂಚನೆ ಕೊಡುವವರು ಯಾವತ್ತೂ "ನಾಳೆ ನಿಮ್ಮ ಊರಲ್ಲಿ ಇಂತಿಷ್ಟು ಮಳೆ ಬಂದೇ ಬರುತ್ತದೆ" ಎಂದು ಹೇಳುವುದಿಲ್ಲ, ಸಾಧ್ಯತೆಯನ್ನಷ್ಟೇ ಹೇಳುತ್ತಾರೆ. ಮಳೆ ಎಲ್ಲಿ, ಎಷ್ಟು ಎಂಬುದು ಅಲ್ಲಾಹನಿಗೆ ಮಾತ್ರ ಗೊತ್ತು ಎನ್ನುವ ನಮ್ಮ ಹಿರಿಯರಿಗೂ ಹವಾಮಾನ ಇಲಾಖೆಯವರಿಗೂ ಈ ವಿಷಯದಲ್ಲಿ ಜಗಳವೇ ಇಲ್ಲ. ಹಿರಿಯರೂ ಕಪ್ಪು ಮೋಡ ಕಂಡರೆ ಅಂಗಳದ ಅಡಿಕೆಯನ್ನು ಒಳಗೆ ತರುತ್ತಿದ್ದರು.

ಬರೀ ಮಳೆಯ ಮುನ್ಸೂಚನೆಯಿಂದ ನೆರೆಯ ಮುನ್ಸೂಚನೆಗೆ ಹೋಗಲು ಇನ್ನೊಂದು ಪ್ರಶ್ನೆ ಕೇಳಬೇಕು: ಈ ಹೊತ್ತಿನಲ್ಲಿ, ಈಗಿರುವ ಮಣ್ಣಿನ ತೇವದಲ್ಲಿ, ಈ ತೋಡು ದಡ ಮೀರಲು ಇನ್ನೆಷ್ಟು ಮಳೆ ಸಾಕು? ಇದೇ ಪ್ರಶ್ನೆಯ ಮೇಲೆ ಕಟ್ಟಿದ ವ್ಯವಸ್ಥೆಯೊಂದು ನಮ್ಮಲ್ಲಿದೆ. 2020ರ ಅಕ್ಟೋಬರ್ 23ರಂದು ದಕ್ಷಿಣ ಏಷ್ಯಾದ ಹಠಾತ್ ನೆರೆ ಮಾರ್ಗಸೂಚಿ ವ್ಯವಸ್ಥೆ ಶುರುವಾಯಿತು. ಭಾರತ, ಬಾಂಗ್ಲಾದೇಶ, ಭೂತಾನ್, ನೇಪಾಳ, ಶ್ರೀಲಂಕಾ ಐದೂ ದೇಶಗಳಿಗೆ ದೆಹಲಿಯ ನಮ್ಮ ಹವಾಮಾನ ಇಲಾಖೆಯೇ ಕೇಂದ್ರ. ಸುಮಾರು 4 ಕಿ.ಮೀ. ಉದ್ದಗಲದ ಸಣ್ಣ ಸಣ್ಣ ಜಲಾನಯನಗಳ ಮಣ್ಣಿನ ತೇವವನ್ನು ಅದು ಲೆಕ್ಕ ಇಡುತ್ತದೆ, ಮುಂದಿನ 6 ಗಂಟೆಯ ಬೆದರಿಕೆ ಮತ್ತು 24 ಗಂಟೆಯ ಅಪಾಯವನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಪತ್ರಿಕೆಗಳಲ್ಲಿ "ಕರಾವಳಿ ಕರ್ನಾಟಕದಲ್ಲಿ ಹಠಾತ್ ನೆರೆಯ ಸಂಭವ" ಎಂದು ಎರಡು ಸಾಲಿನ ಸುದ್ದಿ ಬರುವುದು ಇದರಿಂದಲೇ. ಆರೆಂಜ್, ರೆಡ್‌ಗಳ ಗದ್ದಲದಲ್ಲಿ ಆ ಎರಡು ಸಾಲನ್ನು ಯಾರೂ ಓದುವುದಿಲ್ಲ ಎಂಬುದು ನನ್ನ ಬೇಸರ. ಘಟ್ಟದ ಬುಡದವರಿಗೆ ಬೇಕಾದದ್ದು ಅದೇ ಎರಡು ಸಾಲು.

ಆದರೆ ಈ ವ್ಯವಸ್ಥೆಯೂ ನಮ್ಮ ಮದ್ರಸದ ಹಿಂದಿನ ತೋಡಿನ ಅಗಲ ಎಷ್ಟು, ಮೋರಿಯಲ್ಲಿ ಕಸ ಕಟ್ಟಿದೆಯೇ, ಕಳೆದ ವರ್ಷ ರಸ್ತೆ ಅಗಲ ಮಾಡುವಾಗ ಅಗೆದ ಮಣ್ಣನ್ನು ಎಲ್ಲಿ ಸುರಿದರು ಎಂಬುದನ್ನು ತಿಳಿಯದು. ಆ ಲೆಕ್ಕ ಊರಿನವರೇ ಇಡಬೇಕು.

ಮಳೆ ಅಳೆದವರು

ದೊಡ್ಡ ಹೊಳೆಯ ವಿಷಯದಲ್ಲಿ ನಮ್ಮವರು ಈ ಲೆಕ್ಕವನ್ನು ಎಂದೋ ಕಲಿತಿದ್ದಾರೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಕುಮಾರಧಾರಾ ಸೇರುವಲ್ಲಿ ಸ್ನಾನಘಟ್ಟದ ಎಷ್ಟು ಮೆಟ್ಟಿಲು ಮುಳುಗಿವೆ ಎಂದು ಫೋನಿನಲ್ಲಿ ಕೇಳಿ, ಬಂಟ್ವಾಳ, ಪಾಣೆಮಂಗಳೂರಿನ ವ್ಯಾಪಾರಿಗಳು ಅಂಗಡಿಯ ಸಾಮಾನು ಮೇಲಿಡುತ್ತಾರೆ. 1923ರ ನೆರೆಯನ್ನು "ಮಾರಿ ಬೊಳ್ಳ" ಎಂದು ಇಂದಿಗೂ ನೆನೆಯುವ ಊರುಗಳಿವು. 1974ರ ನೆರೆಯನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಮೇಲಿನ ಊರಿಂದ ಕೆಳಗಿನ ಊರಿಗೆ ನೀರು ಬರಲು ಹೊತ್ತು ಹಿಡಿಯುವುದರಿಂದ ಈ ಪದ್ಧತಿ ನಡೆಯುತ್ತದೆ. ತೋಡಿನ ಬದಿಯಲ್ಲಿ ಆ ಹೊತ್ತು ಸಿಗುವುದಿಲ್ಲ. ಅಲ್ಲಿ ಹೊಳೆಯ ಬದಲು ಮಳೆಯನ್ನೇ ಅಳೆಯಬೇಕು.

ವಯನಾಡಿನಲ್ಲಿ ಅದನ್ನು ಮಾಡಿದವರಿದ್ದಾರೆ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಕೃಷಿಕರು, ತೋಟದವರ ನೆರವಿನಿಂದ ಜಿಲ್ಲೆಯುದ್ದಕ್ಕೂ ಇನ್ನೂರಕ್ಕೂ ಹೆಚ್ಚು ಕಡೆ ದಿನವೂ ಮಳೆ ಅಳೆಯುವ ಜಾಲ ಕಟ್ಟಿದೆ. 2024ರ ಜುಲೈ 29ರಂದು ಮುಂಡಕ್ಕೈ ಸುತ್ತಲಿನ ಅಂಕಿಗಳನ್ನು ನೋಡಿ ಅದು ಗುಡ್ಡ ಕುಸಿಯಬಹುದೆಂದು ಜಿಲ್ಲಾಡಳಿತಕ್ಕೆ ತಿಳಿಸಿತ್ತು. ಆ ದಿನ ಜಿಲ್ಲೆಗೆ ಇದ್ದದ್ದು ಆರೆಂಜ್ ಅಲರ್ಟ್. ರೆಡ್ ಅಲರ್ಟ್ ಬಂದದ್ದು ಮರುದಿನ ಬೆಳಗ್ಗೆ ಎಂದು ಕೇರಳದ ಅಂದಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಹೇಳಿದರು. ಅವರು ಕೊಟ್ಟ ಲೆಕ್ಕದಲ್ಲಿ ಮೊದಲ 24 ಗಂಟೆಯಲ್ಲಿ 200 ಮಿ.ಮೀ., ಮತ್ತಿನ 24 ಗಂಟೆಯಲ್ಲಿ 372 ಮಿ.ಮೀ. ಸುರಿದಿತ್ತು. ಆ ಎರಡು ಅಂಕಿಗಳ ನಡುವಿನ ರಾತ್ರಿ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಅಳತೆ ಇತ್ತು, ಎಚ್ಚರಿಕೆಯೂ ಇತ್ತು. ರಾತ್ರಿ ಆ ಮನೆಗಳ ಬಾಗಿಲು ತಟ್ಟಿ "ಏಳಿ" ಎನ್ನುವ ಏರ್ಪಾಡು ಸಾಕಷ್ಟು ಇರಲಿಲ್ಲ.

ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯತ್ ಮಟ್ಟದಲ್ಲೇ ಇವೆ. 15 ನಿಮಿಷಕ್ಕೊಮ್ಮೆ ಅವು ಬೆಂಗಳೂರಿಗೆ ಅಂಕಿ ಕಳಿಸುತ್ತವೆ. ಗ್ರಾಮ ಪಂಚಾಯತ್ ಕಚೇರಿಯ ಬಳಿ ಕಂಬದ ಮೇಲೆ ನಿಂತ ಆ ಸೋಲಾರ್ ಫಲಕದ ಪೆಟ್ಟಿಗೆಯನ್ನು ಏನೆಂದು ಕೇಳದೆ ನಾವು ದಾಟಿ ಹೋಗುತ್ತಿರುತ್ತೇವೆ. ಕೇಂದ್ರದ "ವರುಣ ಮಿತ್ರ" ಸಹಾಯವಾಣಿಗೆ ಫೋನ್ ಮಾಡಿ ನಮ್ಮ ಹೋಬಳಿಯ ಮಳೆಯನ್ನು ಕೇಳಬಹುದು. ಸುಳ್ಯ, ಪುತ್ತೂರು ಕಡೆಗಳಲ್ಲಿ ದಶಕಗಳಿಂದ ದಿನವೂ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವ ಕೃಷಿಕರೂ ಇದ್ದಾರೆ. ಅವರ ಮನೆಗೊಮ್ಮೆ ಹೋಗಿ ಬರುವುದು ನೂರು ವಾಟ್ಸ್‌ಆ್ಯಪ್ ಸಂದೇಶ ಓದುವುದಕ್ಕಿಂತ ಲಾಭ.

ಇಶಾ ನಮಾಝಿನ ನಂತರ

ಮಸೀದಿಯ ಅಂಗಳದಲ್ಲಿ, ಮರದ ನೆರಳಿಲ್ಲದ, ಮಾಡಿನ ನೀರು ಸಿಡಿಯದ ಜಾಗದಲ್ಲಿ ಒಂದು ಮಳೆಮಾಪಕ ಇಡುವುದು ಕಷ್ಟದ ಕೆಲಸವಲ್ಲ. ಕೊಳ್ಳಲು ಸಿಗುತ್ತದೆ. ಇಲ್ಲವಾದರೆ ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ತಳ ಸಮತಟ್ಟಾದ ಡಬ್ಬವೂ ಆಗುತ್ತದೆ. ನಿಂತ ನೀರಿಗೆ ಸ್ಕೇಲ್ ಇಳಿಸಿದರೆ ಎಷ್ಟು ಮಿ.ಮೀ. ಎಂದು ತಿಳಿಯುತ್ತದೆ. ಬಾಯಿ ಅಗಲ, ಬುಡ ಕಿರಿದಾದ ಬಕೆಟ್ ಬೇಡ, ಲೆಕ್ಕ ತಪ್ಪುತ್ತದೆ. ದಿನಕ್ಕೊಮ್ಮೆ ಬೆಳಗ್ಗೆ 8.30ಕ್ಕೆ ಅಳೆದು ಬರೆದರೆ ಇಲಾಖೆಯ ಅಂಕಿಯೊಡನೆ ಹೋಲಿಸಬಹುದು. ಮಳೆ ಜೋರಾದ ದಿನ ಮಗ್ರಿಬ್‌ಗೆ ಒಮ್ಮೆ, ಇಶಾಗೆ ಒಮ್ಮೆ, ಮಲಗುವ ಮೊದಲು ಒಮ್ಮೆ. ಆ ಪುಸ್ತಕದಲ್ಲಿ ಮಳೆಯ ಪಕ್ಕದಲ್ಲಿ ಇನ್ನೊಂದು ಅಂಕಣ ಇರಲಿ: ತೋಡು ಎಲ್ಲಿಯವರೆಗೆ ಬಂತು? ಯಾವ ಕಲ್ಲು ಮುಳುಗಿತು? ಕಾಲುಸಂಕದ ಮೇಲೆ ನೀರು ಎಷ್ಟು ಗಂಟೆಗೆ ಬಂತು? ಕಂಪ್ಯೂಟರ್ ಐದು ದೇಶಗಳಿಗೆ ಮಾಡುವ ಲೆಕ್ಕವನ್ನು ಒಂದು ತೋಡಿಗೆ ಮಾಡಿದಂತಾಯಿತು, ಅಷ್ಟೇ.

ನನ್ನ ಉಮ್ಮನಿಗೆ ಮಳೆಮಾಪಕ ಗೊತ್ತಿರಲಿಲ್ಲ. ರಾತ್ರಿ ತೋಡಿನ ಶಬ್ದ ಬದಲಾದರೆ ಅವರು ಎದ್ದು ಕುಳಿತುಕೊಳ್ಳುತ್ತಿದ್ದರು. ನೀರಿನ ಶಬ್ದದೊಳಗೆ ಕಲ್ಲು ಉರುಳುವ ಶಬ್ದ ಬಂದರೆ ನಮ್ಮನ್ನೆಲ್ಲ ಎಬ್ಬಿಸುತ್ತಿದ್ದರು. ಈಗ ಓದಿದಾಗ ತಿಳಿಯುತ್ತದೆ, ಅದು ಸರಿಯಾದ ಲಕ್ಷಣವೇ. ನೀರು ಇದ್ದಕ್ಕಿದ್ದಂತೆ ಕೆಂಪು ಕೆಸರಾಗುವುದು, ಬುಡ ಸಮೇತ ಗಿಡಗಳು ತೇಲಿ ಬರುವುದು, ಮನೆಯ ಹಿಂದಿನ ಬರೆಯಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಮರ ವಾಲುವುದು, ಇಲ್ಲದಲ್ಲಿ ಒರತೆ ಒಡೆದು ಕೆಸರು ನೀರು ಬರುವುದು. ಎಲ್ಲಕ್ಕಿಂತ ಭಯಪಡಬೇಕಾದದ್ದು ಒಂದಿದೆ: ಮೇಲೆ ಜೋರು ಮಳೆ ಇದ್ದೂ ತೋಡಿನ ನೀರು ಹಠಾತ್ತಾಗಿ ಇಳಿಯುವುದು. ಮೇಲೆಲ್ಲೋ ಗುಡ್ಡ ಜರಿದು ನೀರಿಗೆ ಅಡ್ಡ ಕಟ್ಟಿದೆ, ಆ ಕಟ್ಟೆ ಒಡೆಯಲಿದೆ ಎಂದು ಅರ್ಥ. ಆಗ ಚಿನ್ನ, ದಾಖಲೆಪತ್ರ ಹುಡುಕುತ್ತಾ ನಿಲ್ಲುವ ಹೊತ್ತಲ್ಲ. ತೋಡಿನ ಗುಂಟ ಓಡದೆ, ಅಡ್ಡಕ್ಕೆ ಎತ್ತರದ ಜಾಗಕ್ಕೆ ಹೋಗಬೇಕು.

ವಾಹನದವರಿಗೆ ಒಂದು ಮಾತು. ಮುಳುಗು ಸೇತುವೆಯ ಮೇಲೆ ಮೊಣಕಾಲಿಗಿಂತ ಕೆಳಗೆ, ಒಂದಡಿ ನೀರು ಹರಿಯುತ್ತಿದ್ದರೂ ಸಣ್ಣ ಕಾರನ್ನು ಅದು ತೇಲಿಸಬಲ್ಲದು. ಎರಡಡಿ ನೀರು ಹೆಚ್ಚಿನ ವಾಹನಗಳನ್ನು ಎಳೆದೊಯ್ಯುತ್ತದೆ. ಮದುವೆ ಮನೆಗೆ ತಡವಾಯಿತೆಂದು ದಾಟಲು ಹೋದವರ ಕತೆಗಳು ಪ್ರತಿ ಮಳೆಗಾಲದಲ್ಲೂ ಬರುತ್ತವೆ.

ಮಸೀದಿಯ ಮೈಕಿನ ಬಗ್ಗೆ ಹಲವರಿಗೆ ಸಂಶಯವಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದು ಎಂಬ ನಿಯಮ ಇರುವುದು ನಿಜ. ಆದರೆ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲೇ ಸಾರ್ವಜನಿಕ ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ಗುಡ್ಡ ಜರಿಯುವ ರಾತ್ರಿ ಊರನ್ನು ಎಬ್ಬಿಸುವುದು ತುರ್ತು ಸಂದರ್ಭವಲ್ಲದೆ ಇನ್ನೇನು? ಮಳೆಗಾಲಕ್ಕೆ ಮೊದಲೇ ಜಮಾಅತ್ ಕಮಿಟಿಯವರು ಪಂಚಾಯತ್ ಮತ್ತು ಠಾಣೆಯವರೊಡನೆ ಈ ಮಾತು ಆಡಿಕೊಂಡಿದ್ದರೆ ಆ ಹೊತ್ತಿನಲ್ಲಿ ಯಾರೂ ಹಿಂಜರಿಯಬೇಕಾಗಿಲ್ಲ. ದೇವಸ್ಥಾನದವರನ್ನೂ, ಭಜನಾ ಮಂದಿರದವರನ್ನೂ ಜೊತೆಗೆ ಕರೆಯಬೇಕು. ತೋಡಿನ ಆಚೆ ದಡದಲ್ಲಿ ಅವರ ಮೈಕ್ ಕೇಳಿಸುತ್ತದೆ, ನಮ್ಮದು ಕೇಳಿಸುವುದಿಲ್ಲ. ಅಂತಹ ರಾತ್ರಿ ಕರೆಂಟು ಇರುವುದಿಲ್ಲ, ಟವರ್ ಸಿಗುವುದಿಲ್ಲ ಎಂದೇ ಲೆಕ್ಕ ಹಾಕಿ ಮೈಕಿಗೆ ಬ್ಯಾಟರಿ ಇಟ್ಟುಕೊಳ್ಳಬೇಕು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾರೆ, ಯಾವ ಲೈನ್ ಮನೆಯಲ್ಲಿ ಹೊರರಾಜ್ಯದ ಕೂಲಿಯವರು ಕನ್ನಡ, ತುಳು, ಬ್ಯಾರಿ ಯಾವುದೂ ಬಾರದೆ ಮಲಗಿದ್ದಾರೆ ಎಂಬ ಪಟ್ಟಿ ಯಾರ ಬಳಿಯಾದರೂ ಇರಬೇಕು. ಜಿಲ್ಲಾ ವಿಕೋಪ ನಿಯಂತ್ರಣ ಕೊಠಡಿಯ ಸಂಖ್ಯೆ 1077.

ಇನ್ನು ಮದ್ರಸದ ಮಕ್ಕಳು. ಶಾಲೆಯ ರಜೆಯ ಆದೇಶ ಬರುವವರೆಗೆ ಕಾಯುವ ಅಗತ್ಯ ಮದ್ರಸಕ್ಕಿಲ್ಲ. ಆ ಆದೇಶ ಬರುವ ಹೊತ್ತಿಗೆ ತಡವಾಗಿರುತ್ತದೆ ಎಂದು ಮೊದಲೇ ನೋಡಿದೆವು. ಹಿಂದಿನ ರಾತ್ರಿ ಇಶಾ ಮುಗಿದ ಮೇಲೆ ಉಸ್ತಾದರು ಮತ್ತು ಕಮಿಟಿಯ ಒಬ್ಬರು ಐದು ನಿಮಿಷ ಕುಳಿತು ಮೂರು ವಿಷಯ ನೋಡಬಹುದು: ಇಲಾಖೆಯ ಬಣ್ಣ ಮತ್ತು ಅದರ ಪಕ್ಕದ ಮಾತು, ಹಠಾತ್ ನೆರೆಯ ಆ ಎರಡು ಸಾಲು, ಅಂಗಳದ ಡಬ್ಬದಲ್ಲಿರುವ ನೀರು. ತೋಡು ದಾಟಿ ಬರುವ ಮಕ್ಕಳಿಗಷ್ಟೇ ನಾಳೆ ಬೇಡ ಎಂದರೂ ಸಾಕು, ಎಲ್ಲರಿಗೂ ರಜೆ ಕೊಡಬೇಕೆಂದಿಲ್ಲ. ಹತ್ತರಲ್ಲಿ ಆರು ಸಲ ಈ ನಿರ್ಧಾರ ಅನಗತ್ಯವಾಗಿತ್ತು ಎಂದು ಬೆಳಗ್ಗೆ ಬಿಸಿಲು ನೋಡಿದಾಗ ಅನ್ನಿಸಬಹುದು. ಆರು ಪಾಠ ತಪ್ಪಿದ್ದನ್ನು ಬೇಸಿಗೆಯಲ್ಲಿ ಕಲಿಸಬಹುದು.

ಪುಸ್ತಕ ಬರೆಯತೊಡಗಿದ ಮೊದಲ ಮಳೆಗಾಲದಲ್ಲಿ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ, ಅದನ್ನು ಹೇಳಿಬಿಡುತ್ತೇನೆ. ಎರಡನೆಯ ಮಳೆಗಾಲದಲ್ಲಿ ಯಾರೋ ಒಬ್ಬರು ಪುಟ ತಿರುವಿ, "ಕಳೆದ ವರ್ಷ ಎರಡು ಗಂಟೆಯಲ್ಲಿ ಇಷ್ಟು ಬಿದ್ದಾಗ ಸಂಕದ ಮೇಲೆ ನೀರು ಬಂದಿತ್ತು, ಇವತ್ತು ಒಂದೂವರೆ ಗಂಟೆಯಲ್ಲೇ ಅಷ್ಟಾಗಿದೆ" ಎನ್ನುತ್ತಾರೆ. ಆ ಮಾತಿಗೆ ಆಚೆ ಮನೆಯವರು ಚಾಪೆ ಸುತ್ತಿಕೊಂಡು ಮದ್ರಸದ ಮೇಲಿನ ಮಹಡಿಗೆ ಬಂದು ಮಲಗುತ್ತಾರೆ.